ಸುಟ್ಟ ಮೋಟಾರಿನ ಸುತ್ತಮುತ್ತ

ಸಿಂದಗಿ ಸೀಮೆಯಲ್ಲಿ ಬೇಸಿಗೆ ಬಂದದ್ದನ್ನು ತಿಳಿಯಲು ಪಂಚಾಂಗ ನೋಡಬೇಕಾಗಿಲ್ಲ. ಪೇಟೆಯ ವೈಂಡಿಂಗ್ ಅಂಗಡಿಗಳ ಮುಂದೆ ಪಂಪ್‌ಸೆಟ್ ಮೋಟಾರುಗಳು ಸಾಲಾಗಿ ಕೂತವೆಂದರೆ ಬೇಸಿಗೆ ಬಂತೆಂದೇ ಅರ್ಥ. ಕೆಲವು ಟಂಟಂನಲ್ಲಿ ಬರುತ್ತವೆ, ಕೆಲವು ಮೋಟಾರು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಗೋಣಿಚೀಲ ಹೊದ್ದು ಬರುತ್ತವೆ. ಎಲ್ಲದರ ಮೈಯಿಂದಲೂ ಒಂದೇ ವಾಸನೆ, ಸುಟ್ಟ ವಾರ್ನಿಶ್ಶಿನದು. ಒಮ್ಮೆ ಮೂಗಿಗೆ ತಾಕಿದರೆ ಅದು ಮರೆಯುವುದಿಲ್ಲ. ರಾತ್ರಿ ಹೊಲದಲ್ಲಿ ಈ ವಾಸನೆ ಬಂತೆಂದು ಓಡಿಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ.

ಯಂಕಂಚಿಯ ಹಿರಿಯ ರೈತರೊಬ್ಬರ ಮೋಟಾರು ಹೀಗೆ ಎರಡು ವರ್ಷಗಳಲ್ಲಿ ಮೂರನೆಯ ಸಲ ಸುಟ್ಟಿತು. ಐದು ಎಚ್.ಪಿ.ಯ ಮಾನೋಬ್ಲಾಕ್, ತೆರೆದ ಬಾವಿಯ ಒಳಮೆಟ್ಟಿಲ ಮೇಲೆ ಕೂರಿಸಿದ್ದು. ಆ ಬಾವಿಯನ್ನು ನಂಬಿ ಎರಡು ಎಕರೆ ಲಿಂಬೆ ಹಚ್ಚಿದ್ದರು. ಇಂಡಿ ಕಡೆಯ ಲಿಂಬೆಗೆ ಇರುವ ಹೆಸರು ಗೊತ್ತೇ ಇದೆ. ಅದನ್ನು ನೋಡಿಯೇ ಈಚೆಯವರೂ ಹಚ್ಚುವುದು. ಗಿಡಗಳಿಗೆ ಮೂರನೆಯ ವರ್ಷ, ಇನ್ನೇನು ಕಾಯಿ ಹಿಡಿಯುವ ಹೊತ್ತು. ಜೋಳ ಒಣಗಿದರೆ ಒಂದು ಹಂಗಾಮು ಹೋಯಿತೆಂದು ಸಮಾಧಾನ ಮಾಡಿಕೊಳ್ಳಬಹುದು. ಲಿಂಬೆ ಒಣಗಿದರೆ ಹೋಗುವುದು ಮೂರು ವರ್ಷ.

ಮೋಟಾರನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಅವರು ಹೇಳಿದ್ದು ಒಂದೇ ಮಾತು.

"ಮಾಸ್ತರ, ಈ ಸಲ ಜರಾ ಹೆವಿ ಕಟ್ರಿ. ಕರೆಂಟ್ ಡಿಮ್ ಬರ್ತೈತಿ, ಮೋಟಾರ್ ನೀರ ಎತ್ತೂದಿಲ್ಲ."

ವೈಂಡಿಂಗ್ ಮಾಸ್ತರ ಮುಚ್ಚಳ ಬಿಚ್ಚಿ, ಕರ್ರಗಾದ ಕಾಯಿಲುಗಳನ್ನು ಬೆರಳಿನಿಂದ ಸವರಿ ನೋಡಿದ.

"ಹ್ವಾದ ಸಲ ಯಾರ ಕಡೆ ಕಟ್ಟಿಸಿದ್ರಿ, ಕಾಕಾ?"

"ಬ್ಯಾರೆ ಕಡೆ. ಹೆವಿ ಕಟ್ಟತೀನಿ ಅಂದಿದ್ದ."

"ಕಟ್ಟ್ಯಾನ. ಅದಕ್ಕೇ ಸುಟ್ಟೈತಿ."

ಈ ‘ಹೆವಿ’ ಎಂಬ ಮಾತು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ. ಆದರೆ ಪಂಪ್‌ಸೆಟ್ ಇರುವ ಊರುಗಳಲ್ಲೆಲ್ಲ ಅದಕ್ಕೊಂದು ಅರ್ಥವಿದೆ. ಮೋಟಾರಿನ ಹೊರಗಿನ ನಿಂತ ಭಾಗ ಸ್ಟೇಟರು. ಅದರ ಗಾಡಿಗಳಲ್ಲಿ ತಾಮ್ರದ ತಂತಿಯ ಕಾಯಿಲುಗಳು. ಒಳಗೆ ತಿರುಗುವುದು ರೋಟರು. ಸ್ಟೇಟರಿನಲ್ಲಿ ಮೂರು ಫೇಸಿನ ವಿದ್ಯುತ್ತು ಹರಿದಾಗ ಒಂದು ಕಾಂತಕ್ಷೇತ್ರ ಸುತ್ತತೊಡಗುತ್ತದೆ, ರೋಟರು ಅದರ ಬೆನ್ನು ಹತ್ತಿ ತಿರುಗುತ್ತದೆ. ಈ ತಿರುಗುವ ಬಲಕ್ಕೂ ವೋಲ್ಟೇಜಿಗೂ ಇರುವ ಸಂಬಂಧ ನೇರವಾದದ್ದಲ್ಲ, ವರ್ಗದ್ದು. ಮೂರು ಫೇಸಿಗೆ 415 ವೋಲ್ಟು ಬರಬೇಕಾದಲ್ಲಿ 300 ಬಂದರೆ ಬಲ ಕಾಲುಭಾಗ ಕಡಿಮೆಯಾಗುತ್ತದೆಂದು ತೋರಬಹುದು. ನಿಜದಲ್ಲಿ ಅದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪಂಪು ಮಾತ್ರ ತನಗೆ ಬೇಕಾದಷ್ಟನ್ನು ಕೇಳುತ್ತಲೇ ಇರುತ್ತದೆ. ಮೋಟಾರು ಏದುಸಿರು ಬಿಡುತ್ತ ಹೆಚ್ಚು ಕರೆಂಟು ಎಳೆಯುತ್ತದೆ, ಕಾಯಿಲು ಕಾಯುತ್ತದೆ. ಕಾಯಿಲಿನ ಹೊದಿಕೆ ತಾಳಬೇಕಾದ ಉಷ್ಣತೆಗಿಂತ ಹತ್ತು ಡಿಗ್ರಿ ಹೆಚ್ಚಾದರೆ ಅದರ ಆಯುಷ್ಯ ಅರ್ಧವಾಗುತ್ತದೆಂಬುದು ಈ ವಿದ್ಯೆಯವರ ಹಳೆಯ ಲೆಕ್ಕ. ಹೊರಗಿನ ಗಾಳಿಯೇ 42 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಹತ್ತು ಡಿಗ್ರಿ ಎಷ್ಟು ಹೊತ್ತಿನ ಮಾತು?

ಇದಕ್ಕೆ ಹಳ್ಳಿಯ ವಿದ್ಯೆ ಕಂಡುಕೊಂಡ ಉಪಾಯವೇ ಹೆವಿ. ಕಾಯಿಲಿನ ಸುತ್ತು ಕಡಿಮೆ ಮಾಡಿ, ತಂತಿಯ ಗೇಜು ದಪ್ಪ ಮಾಡುವುದು. ಸುತ್ತು ಕಡಿಮೆಯಾದರೆ ಅಷ್ಟೇ ವೋಲ್ಟೇಜಿಗೆ ಕಾಂತಕ್ಷೇತ್ರ ಬಲವಾಗುತ್ತದೆ. ಡಿಮ್ ಕರೆಂಟಿನಲ್ಲೂ ಮೋಟಾರು ನೀರೆತ್ತುತ್ತದೆ. ಉಪಾಯವೇನೋ ಸುಳ್ಳಲ್ಲ. ಆದರೆ ಕಬ್ಬಿಣ ಹಿಡಿಯುವ ಕಾಂತಶಕ್ತಿಗೂ ಒಂದು ಮಿತಿಯಿದೆ. ನಡುರಾತ್ರಿ ಬಾಕಿ ಮೋಟಾರುಗಳು ನಿಂತು ವೋಲ್ಟೇಜು ತನ್ನ ಪೂರ್ತಿ ಮಟ್ಟಕ್ಕೆ ಏರಿತೆಂದರೆ ಹೆವಿ ಮೋಟಾರಿನ ಕಬ್ಬಿಣ ತುಂಬಿ ತುಳುಕುತ್ತದೆ. ಆಗ ನೀರೆತ್ತುವುದಕ್ಕಲ್ಲ, ಬರೀ ಕಾಂತಕ್ಷೇತ್ರ ಕಟ್ಟುವುದಕ್ಕೇ ಕರೆಂಟು ಸುರಿಯತೊಡಗುತ್ತದೆ. ಐದು ಎಚ್.ಪಿ.ಯ ಮೋಟಾರು ಏಳೂವರೆ ಆಂಪಿಯರಿನ ಆಸುಪಾಸು ಎಳೆಯಬೇಕು. ಹೆವಿ ಕಟ್ಟಿದ್ದಕ್ಕೆ ಟಾಂಗ್ ಟೆಸ್ಟರ್ ಹಾಕಿ ನೋಡಿದರೆ ಹತ್ತು, ಹನ್ನೊಂದು ತೋರಿಸಿದರೂ ಆಶ್ಚರ್ಯವಿಲ್ಲ. ಯಂಕಂಚಿಯ ಮೋಟಾರು ಸುಟ್ಟದ್ದು ಡಿಮ್ ಕರೆಂಟಿನಲ್ಲಲ್ಲ, ಒಳ್ಳೆಯ ಕರೆಂಟಿನಲ್ಲಿ.

ಈ ಕಥೆಯಲ್ಲಿ ಇದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. ಒಂದು ಟಿ.ಸಿ.ಯ ಕೆಳಗೆ ಹತ್ತು ಹದಿನೈದು ಪಂಪ್‌ಸೆಟ್ಟುಗಳು ಇರುತ್ತವೆ. ಅವುಗಳಲ್ಲಿ ಒಂದು ಹೆವಿ ಆಯಿತೆಂದರೆ ಅದು ಎಳೆಯುವ ಹೆಚ್ಚಿನ ಕರೆಂಟಿಗೆ ಅದೇ ತಂತಿಯ ಮೇಲಿನ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ಪಕ್ಕದ ಹೊಲದವನ ಮೋಟಾರು ನೀರೆತ್ತುವುದು ನಿಲ್ಲಿಸುತ್ತದೆ. ಅವನೂ ಪೇಟೆಗೆ ಬಂದು "ಮಾಸ್ತರ, ಜರಾ ಹೆವಿ ಕಟ್ರಿ" ಎನ್ನುತ್ತಾನೆ. ಹೀಗೆ ಲೈನಿನ ತುದಿಯವರೆಗೆ ಎಲ್ಲರೂ ಹೆವಿ ಆದ ಮೇಲೆ ಯಾರಿಗೂ ಮೊದಲಿಗಿಂತ ಹೆಚ್ಚು ನೀರು ಬರುವುದಿಲ್ಲ, ಟಿ.ಸಿ. ಮಾತ್ರ ಸುಡುತ್ತದೆ. ಸುಟ್ಟ ಟಿ.ಸಿ. ಬದಲಾಗುವವರೆಗೆ ಎಲ್ಲರ ಹೊಲವೂ ಒಣಗುತ್ತದೆ. ಬದುವಿನ ಜಗಳದಲ್ಲಾದರೂ ಒಬ್ಬ ಗೆಲ್ಲುತ್ತಾನೆ. ಇಲ್ಲಿ ಅದೂ ಇಲ್ಲ.

ಆಟೋ ಸ್ಟಾರ್ಟರಿನದೂ ಇದೇ ಪಾಡು. ಮೂರು ಫೇಸಿನ ಕರೆಂಟು ದಿನಕ್ಕೆ ಏಳು ತಾಸು, ಅದೂ ಪಾಳಿಯ ಮೇಲೆ. ಅಪರಾತ್ರಿಯಲ್ಲಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದುಕೊಂಡು ಹೊಲಕ್ಕೆ ಹೋಗುವ ಕಷ್ಟ ಬಲ್ಲವರು ಆಟೋ ಹಾಕಿಸಿದವನನ್ನು ದೂರಲಾರರು. ಆದರೆ ಕರೆಂಟು ಬಂದ ಕ್ಷಣಕ್ಕೆ ಹದಿನೈದು ಮೋಟಾರುಗಳು ಒಟ್ಟಿಗೇ ಎದ್ದು ನಿಲ್ಲುತ್ತವೆ. ನೇರವಾಗಿ ಚಾಲೂ ಆಗುವ ಮೋಟಾರು ಆ ಗಳಿಗೆಯಲ್ಲಿ ತನ್ನ ಮಾಮೂಲು ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಬಾಗಿಲು ತೆರೆದೊಡನೆ ಜಾತ್ರೆಯ ಬಸ್ಸಿಗೆ ಎಲ್ಲರೂ ಒಮ್ಮೆಲೇ ನುಗ್ಗಿದಂತೆ. ಯಾರೂ ಹತ್ತುವುದಿಲ್ಲ, ಬಾಗಿಲು ಮುರಿಯುತ್ತದೆ. ಒಬ್ಬೊಬ್ಬರ ಆಟೋಕ್ಕೂ ಒಂದೊಂದು ನಿಮಿಷದ ಅಂತರ ಕೊಡುವ ಟೈಮರು ಇಟ್ಟರೆ ಮುಗಿಯಿತು. ಅದು ದುಬಾರಿ ಸಾಮಾನೇನೂ ಅಲ್ಲ. ದುಬಾರಿಯಾದದ್ದೆಂದರೆ ಮೊದಲ ನಿಮಿಷ ಯಾರದು, ಹದಿನೈದನೆಯ ನಿಮಿಷ ಯಾರದು ಎಂದು ಒಪ್ಪಿಕೊಳ್ಳುವ ಸಹನೆ.

ಮಾಸ್ತರನ ಅಂಗಡಿಗೆ ಮರಳೋಣ. ಸುಟ್ಟ ಕಾಯಿಲು ಕೀಳುವುದೇ ಒಂದು ಕೆಲಸ. ವಾರ್ನಿಶ್ಶು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹಲವೆಡೆ ಸುಲಭದ ದಾರಿಯೆಂದರೆ ಇಡೀ ಸ್ಟೇಟರನ್ನು ಹಳೆಯ ಟಾಯರು, ಕಟ್ಟಿಗೆಯ ಬೆಂಕಿಗೆ ಹಾಕುವುದು. ಸುಟ್ಟು ಬೂದಿಯಾದ ಮೇಲೆ ತಂತಿ ಸರಾಗವಾಗಿ ಬರುತ್ತದೆ. ಆದರೆ ಸ್ಟೇಟರಿನ ಕಬ್ಬಿಣ ಒಂದೇ ಗಟ್ಟಿಯಲ್ಲ. ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪದ ಸಿಲಿಕಾನ್ ಉಕ್ಕಿನ ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದರ ನಡುವೆ ವಿದ್ಯುತ್ತು ದಾಟದಂಥ ಲೇಪ ಕೊಟ್ಟಿರುತ್ತಾರೆ. ಆ ಲೇಪ ಇಲ್ಲದಿದ್ದರೆ ಕಬ್ಬಿಣದೊಳಗೇ ಸುಳಿಯಂತೆ ಕರೆಂಟು ಸುತ್ತಿ, ಮೋಟಾರು ನೀರೆತ್ತುವ ಬದಲು ತನ್ನನ್ನೇ ಬಿಸಿಮಾಡಿಕೊಳ್ಳುತ್ತದೆ. ಲಂಗುಲಗಾಮಿಲ್ಲದ ಬೆಂಕಿ ಈ ಲೇಪವನ್ನೇ ಸುಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೊಸ ತಾಮ್ರ ಫಳಫಳ ಹೊಳೆಯುತ್ತದೆ, ಒಳಗಿನ ಕಬ್ಬಿಣ ಮಾತ್ರ ರೋಗಿಯಾಗಿರುತ್ತದೆ.

ಒಮ್ಮೆ ಕಟ್ಟಿಸಿದ ಮೋಟಾರು ಹೊಸದರಂತೆ ಆಗುವುದೇ ಇಲ್ಲವೆಂಬ ಮಾತು ಬಹಳ ಕಾಲದಿಂದ ಇದೆ. ಅಮೆರಿಕ ಮತ್ತು ಬ್ರಿಟನ್ನಿನ ಮೋಟಾರು ದುರಸ್ತಿಗಾರರ ಸಂಘಗಳು ಇದನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದವು. ಉಷ್ಣತೆಗೆ ಕಡಿವಾಣವಿರುವ ಒಲೆಯಲ್ಲಿ, ಸುಮಾರು 370 ಡಿಗ್ರಿ ಮೀರದಂತೆ ಕಾಯಿಸಿ, ಮೂಲದಷ್ಟೇ ಸುತ್ತು, ಮೂಲದಷ್ಟೇ ತಾಮ್ರ ಹಾಕಿ ಕಟ್ಟಿದರೆ ಮೋಟಾರಿನ ದಕ್ಷತೆ ಇಳಿಯಬೇಕಾಗಿಲ್ಲವೆಂದು ಗೊತ್ತಾಯಿತು. ಅಂದರೆ ತಪ್ಪು ಕಟ್ಟುವುದರಲ್ಲಿಲ್ಲ, ಕಟ್ಟುವ ರೀತಿಯಲ್ಲಿದೆ. ಸಿಂದಗಿಯ ಮಾಸ್ತರನಲ್ಲಿ ಅಂಥ ಒಲೆಯಿಲ್ಲ. ಆತ ಕಾಯಿಲಿನ ಒಂದು ತುದಿಯನ್ನು ಚಾಣದಿಂದ ಕಡಿದು, ಸಣ್ಣ ಜ್ವಾಲೆಯಲ್ಲಿ ಅಷ್ಟಷ್ಟೇ ಮೆತ್ತಗೆ ಮಾಡಿ, ಇನ್ನೊಂದು ತುದಿಯಿಂದ ಎಳೆದು ತೆಗೆಯುತ್ತಾನೆ. ತಾಸುಗಟ್ಟಲೆ ಹೆಚ್ಚು ಹಿಡಿಯುತ್ತದೆ. ತೆಗೆದ ತಂತಿಯ ಸುತ್ತು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಇಂಥ ನೋಟ್‌ಬುಕ್ಕುಗಳಲ್ಲಿ ಒಂದು ತಾಲ್ಲೂಕಿನ ಮೋಟಾರುಗಳ ಜಾತಕವೇ ಇರುತ್ತದೆ: ಯಾವ ಕಂಪನಿಯದು, ಎಷ್ಟು ಗಾಡಿ, ಎಷ್ಟು ಸುತ್ತು, ಯಾವ ಗೇಜು. ಯಂಕಂಚಿಯ ಮೋಟಾರಿನ ಕಾಯಿಲು ಎಣಿಸಿದಾಗ ನೋಟ್‌ಬುಕ್ಕಿನ ಲೆಕ್ಕಕ್ಕಿಂತ ಆರು ಸುತ್ತು ಕಡಿಮೆ ಬಂದವು.

ಮೋಟಾರೆಂಬುದು ಈ ನಾಡಿಗೆ ಹೊರಗಿನಿಂದ ಬಂದ ವಸ್ತುವಾದರೂ ಅದನ್ನು ಒಳಗಿನದನ್ನಾಗಿ ಮಾಡಿಕೊಂಡವರು ಇದೇ ಉತ್ತರ ಕರ್ನಾಟಕದ ಮಣ್ಣಿನವರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದರು. ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಸೈಕಲ್ಲಿನ ಅಂಗಡಿ ತೆರೆದ ಅದೇ ವರ್ಷ ಅತ್ತ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ತನ್ನ ಇಂಡಕ್ಷನ್ ಮೋಟಾರಿಗೆ ಪೇಟೆಂಟು ಪಡೆದದ್ದು ಒಂದು ಕಾಕತಾಳೀಯ. ಈ ಮನೆತನದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ 1946ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಮುಂದೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಬಂತು, ಅದು ಮುಚ್ಚಿಹೋಗಿ ವರ್ಷಗಳೇ ಆದವು. ಈಗಿನ ಮೋಟಾರುಗಳಿಗೆ ಐ.ಎಸ್. 12615ರ ಪ್ರಕಾರ ದಕ್ಷತೆಯ ದರ್ಜೆಗಳಿವೆ. ಐದು ಎಚ್.ಪಿ.ಯಲ್ಲಿ ಐ.ಇ.2 ದರ್ಜೆಯದು ನೂರಕ್ಕೆ 86ರ ಆಸುಪಾಸು, ಐ.ಇ.3 ದರ್ಜೆಯದು 88ರ ಆಸುಪಾಸು. ಹೆಚ್ಚು ತಾಮ್ರ, ಒಳ್ಳೆಯ ಉಕ್ಕು, ತುಸು ಉದ್ದನೆಯ ಮೈ, ಚಿಕ್ಕ ಫ್ಯಾನು, ಇವುಗಳಿಂದ ಬಂದ ಲಾಭ ಅದು. ಹಗಲುರಾತ್ರಿ ಓಡುವ ಗಿರಣಿಗೆ ಈ ಎರಡು ಅಂಕ ಬಂಗಾರ. ಬಾವಿಯ ದಂಡೆಯಲ್ಲಿ ಮಾತ್ರ ಅದಕ್ಕಿಂತ ಎಷ್ಟೋ ಪಾಲು ತಂತಿಯ ಮೇಲೆ, ಪೈಪಿನೊಳಗೆ ಸೋರಿಹೋಗಿರುತ್ತದೆ. ಮೂರು ಫೇಸುಗಳ ವೋಲ್ಟೇಜಿನಲ್ಲಿ ಸರಾಸರಿಯಿಂದ ಶೇಕಡಾ ಮೂರೂವರೆಯಷ್ಟು ಏರುಪೇರಾದರೂ ಸಾಕು, ಕಾಯಿಲಿನ ಶಾಖದ ಏರಿಕೆ ಶೇಕಡಾ 25ರಷ್ಟು ಹೆಚ್ಚುತ್ತದೆ. ಯಾವ ದರ್ಜೆಯ ಮೋಟಾರು ತಾನೇ ಏನು ಮಾಡೀತು?

ಇದೇ ಜಿಲ್ಲೆಯಲ್ಲಿ ಮೋಟಾರಿನ ಅಣ್ಣಂದಿರು ಹೇಗೆ ಬಾಳುತ್ತಾರೆಂಬುದನ್ನೂ ನೋಡಬೇಕು. ಜನರೇಟರೆಂದರೆ ಬೇರೆ ಏನಲ್ಲ. ಮೋಟಾರಿಗೆ ವಿದ್ಯುತ್ತು ಕೊಟ್ಟರೆ ತಿರುಗುತ್ತದೆ, ಜನರೇಟರನ್ನು ತಿರುಗಿಸಿದರೆ ವಿದ್ಯುತ್ತು ಕೊಡುತ್ತದೆ. ಆಲಮಟ್ಟಿಯ ಜಲವಿದ್ಯುದಾಗಾರದಲ್ಲಿ 290 ಮೆಗಾವಾಟಿನ ಜನರೇಟರುಗಳಿವೆ. ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ ಶಾಖೋತ್ಪನ್ನ ಸ್ಥಾವರದ 800 ಮೆಗಾವಾಟಿನ ಮೂರು ಘಟಕಗಳು 2018ರ ಹೊತ್ತಿಗೆ ಸಿದ್ಧವಾದವು. ಅಷ್ಟು ದೊಡ್ಡ ಉಗಿ ಜನರೇಟರುಗಳ ಒಳಗೆ ಗಾಳಿಯ ಬದಲು ಹೈಡ್ರೋಜನ್ ಅನಿಲ ತುಂಬುವುದು ವಾಡಿಕೆ. ಅದು ಗಾಳಿಗಿಂತ ಹಗುರ, ರೋಟರಿಗೆ ತಡೆ ಕಡಿಮೆ, ಶಾಖವನ್ನೂ ಬೇಗ ಹೊತ್ತೊಯ್ಯುತ್ತದೆ. ಕಾಯಿಲಿನ ನಡುವೆ ಹುದುಗಿಸಿದ ತಾಪಮಾಪಕಗಳು ಒಂದೊಂದು ಡಿಗ್ರಿಯನ್ನೂ ವರದಿ ಮಾಡುತ್ತವೆ. ಹೀಗೆ ಸಾಕಿದ್ದರಿಂದಲೇ ಅವುಗಳ ದಕ್ಷತೆ ನೂರಕ್ಕೆ 98 ದಾಟುತ್ತದೆ. ಅಲ್ಲಿ ಹಾಗೆ ಜೋಪಾನವಾಗಿ ಹುಟ್ಟಿದ ವಿದ್ಯುತ್ತು ಹಳ್ಳಿಯ ಟಿ.ಸಿ. ದಾಟಿ ಬಾವಿಗೆ ಬರುವಷ್ಟರಲ್ಲಿ ಹೊಟ್ಟೆಗಿಲ್ಲದವನಂತೆ ಆಗಿರುತ್ತದೆ. ಹೊಲದ ಪಂಪ್‌ಸೆಟ್ಟುಗಳನ್ನು ಅಳೆದವರಿಗೆ ಪಂಪು, ಮೋಟಾರು, ಪೈಪು ಎಲ್ಲ ಸೇರಿದ ದಕ್ಷತೆ ನೂರಕ್ಕೆ ಮೂವತ್ತರ ಆಸುಪಾಸು ಸಿಕ್ಕಿದ್ದೇ ಹೆಚ್ಚು.

ಕಾಕಾನಿಗೆ ಮಾಸ್ತರ ಹೇಳಿದ್ದು ಎರಡೇ ಮಾತು. ಮೋಟಾರನ್ನು ಮೂಲದ ಸುತ್ತಿಗೇ ಕಟ್ಟುತ್ತೇನೆ, ಹೆವಿ ಕಟ್ಟುವುದಿಲ್ಲ. ಹೋಗುವಾಗ ಒಂದು ಕೆಪ್ಯಾಸಿಟರು ಒಯ್ಯಿರಿ, ನಿಮ್ಮ ಟಿ.ಸಿ.ಯವರಿಗೆಲ್ಲ ಒಯ್ಯಲು ಹೇಳಿರಿ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹಳ್ಳಿಯಲ್ಲಿ ‘ಕಂಡೆನ್ಸರ್’ ಎಂದೊಡನೆ ನೆನಪಾಗುವುದು ಸಿಂಗಲ್ ಫೇಸಿನ ಹೊತ್ತಿನಲ್ಲಿ ಮೂರು ಫೇಸಿನ ಮೋಟಾರು ಓಡಿಸಲು ಹಾಕುವ ಡಬ್ಬಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಲೈನು, ಹೊಲದ ಲೈನು ಬೇರೆಯಾಗುವ ಮೊದಲು ಅದರ ಹಾವಳಿ ಎಷ್ಟಿತ್ತೆಂದರೆ ಊರ ದೀಪಗಳು ಮಿಂಚುಹುಳುಗಳಾಗುತ್ತಿದ್ದವು. ಮಾಸ್ತರ ಹೇಳಿದ್ದು ಅದಲ್ಲ. ಮೋಟಾರಿಗೆ ಎರಡು ಬಗೆಯ ಕರೆಂಟು ಬೇಕು. ಒಂದು ದುಡಿಯುವಂಥದು. ಇನ್ನೊಂದು ಕಾಂತಕ್ಷೇತ್ರ ಕಟ್ಟಿ ಬಿಚ್ಚಿ ಹಿಂದಿರುಗುವಂಥದು. ಅದು ಕೆಲಸ ಮಾಡುವುದಿಲ್ಲ, ಆದರೆ ಅದಿಲ್ಲದೆ ಕೆಲಸ ಆಗುವುದಿಲ್ಲ. ಕೂರಿಗೆ, ಕುಂಟೆಗಳನ್ನು ದಿನಾ ಬೆಳಗ್ಗೆ ಊರಿನಿಂದ ಹೊಲಕ್ಕೆ ಹೇರಿಕೊಂಡು ಹೋಗಿ ಸಂಜೆ ಮತ್ತೆ ಊರಿಗೆ ತರುವವನನ್ನು ನೆನೆಸಿಕೊಳ್ಳಿ. ಬಂಡಿಗೆ ಭಾರ, ದಾರಿಗೆ ಸವೆತ. ಹೊಲದಲ್ಲೇ ಒಂದು ಗುಡಿಸಲು ಹಾಕಿ ಅವನ್ನು ಅಲ್ಲೇ ಇಟ್ಟರೆ ಬಂಡಿಯಲ್ಲಿ ಬೀಜ, ಗೊಬ್ಬರ ಇನ್ನಷ್ಟು ಹೇರಬಹುದು. ಕೆಪ್ಯಾಸಿಟರೆಂದರೆ ಮೋಟಾರಿನ ಮಗ್ಗುಲಿನ ಆ ಗುಡಿಸಲು. ಪವರ್ ಫ್ಯಾಕ್ಟರು 0.75 ಇದ್ದದ್ದು 0.95 ಆದರೆ ತಂತಿಯಲ್ಲಿ ಹರಿಯುವ ಕರೆಂಟು ಐದರಲ್ಲೊಂದು ಭಾಗ ಇಳಿಯುತ್ತದೆ. ತಂತಿಯಲ್ಲಿ ಸುಟ್ಟುಹೋಗುತ್ತಿದ್ದ ವಿದ್ಯುತ್ತು ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಲೈನಿನ ತುದಿಯಲ್ಲಿ ವೋಲ್ಟೇಜು ಅಷ್ಟಿಷ್ಟು ಏರುತ್ತದೆ.

ಇಷ್ಟು ಒಳ್ಳೆಯ ವಸ್ತು ಎಲ್ಲರ ಬಾವಿಯಲ್ಲೂ ಯಾಕಿಲ್ಲ? ಒಬ್ಬನೇ ಹಾಕಿಸಿಕೊಂಡರೆ ಅವನಿಗೆ ಸಿಗುವುದು ಬಹಳ ಕಡಿಮೆ. ಲಾಭ ಇಡೀ ಲೈನಿಗೆ ಹಂಚಿಹೋಗುತ್ತದೆ. 2008ರಿಂದ ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. ಬಿಲ್ಲಿನಲ್ಲಿ ಉಳಿತಾಯ ತೋರುವ ಪ್ರಶ್ನೆಯಿಲ್ಲ. ಮೀಟರು ಇಲ್ಲದ ಕಡೆ ನಷ್ಟಕ್ಕೆ ಮುಖವೂ ಇರುವುದಿಲ್ಲ. ರೈತ ಕರೆಂಟಿನ ಬೆಲೆ ಕೊಡುವುದು ಹೆಸ್ಕಾಂ ಕಚೇರಿಯಲ್ಲಲ್ಲ, ವೈಂಡಿಂಗ್ ಅಂಗಡಿಯಲ್ಲಿ. ಆ ಬಿಲ್ಲು ವರ್ಷಕ್ಕೊಮ್ಮೆ ಒಟ್ಟಿಗೇ ಬರುತ್ತದೆ, ನೀರು ಬೇಕಾದ ವಾರದಲ್ಲೇ ಬರುತ್ತದೆ.

ಹಾಗೆಂದು ಸುಧಾರಣೆ ಆಗಿಯೇ ಇಲ್ಲವೆಂದಲ್ಲ. ಹೆಸ್ಕಾಂ ವ್ಯಾಪ್ತಿಯ ನಿಪ್ಪಾಣಿ ಮತ್ತು ಬ್ಯಾಡಗಿ ಭಾಗದಲ್ಲಿ 590 ಹಳೆಯ ಪಂಪ್‌ಸೆಟ್ಟುಗಳನ್ನು ತೆಗೆದು ಹೆಚ್ಚು ದಕ್ಷತೆಯ ಹೊಸವನ್ನು ಕೂರಿಸಿದ ಪ್ರಯೋಗ ನಡೆದಿದೆ. ವಿದ್ಯುತ್ತು ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಉಳಿಯಿತೆಂದು ಲೆಕ್ಕ ಬಂತು. ಇನ್ನೂ ಕಡಿಮೆ ಖರ್ಚಿನ ದಾರಿಯೆಂದರೆ ಕಿರಿದಾದ ಹಳೆಯ ಕಬ್ಬಿಣದ ಪೈಪಿಗೆ ಬದಲಾಗಿ ಒಂದಳತೆ ದೊಡ್ಡ ಪಿ.ವಿ.ಸಿ. ಪೈಪು, ಅಗಲ ಕಂಡಿಯ ಫುಟ್‌ವಾಲ್ವು. ನೀರಿಗೆ ದಾರಿ ಸಲೀಸಾದರೆ ಮೋಟಾರಿಗೆ ಹೊರೆ ಹಗುರ. ಯಂಕಂಚಿಯ ಬಾವಿಯಲ್ಲಿ ಫುಟ್‌ವಾಲ್ವಿನ ಜಾಲರಿ ಅರ್ಧ ಮುಚ್ಚಿಹೋಗಿತ್ತು, ಪಾಚಿ ಮತ್ತು ಲಿಂಬೆಯ ಎಲೆಯಿಂದ. ಅದನ್ನು ತಿಕ್ಕಲು ಬೇಕಾದದ್ದು ಒಂದು ತಂತಿಬ್ರಷ್ಷು.

ಮೋಟಾರು ನಾಲ್ಕನೆಯ ದಿನ ಬಂತು. ಅಷ್ಟು ದಿನ ಗಿಡಗಳಿಗೆ ಟ್ಯಾಂಕರಿನ ನೀರು. ಟಿ.ಸಿ.ಯ ಕೆಳಗಿನವರನ್ನೆಲ್ಲ ಕಾಕಾ ಒಂದು ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಕರೆದರು. ಕೆಲವರು ಕೆಪ್ಯಾಸಿಟರು, ಟೈಮರು ಎರಡಕ್ಕೂ ಒಪ್ಪಿದರು. ಕೆಲವರು ನೋಡೋಣ ಎಂದರು. ಒಬ್ಬ ಮಾತ್ರ ನೇರವಾಗಿ ಹೇಳಿದ: "ನನ್ನ ರೊಕ್ಕದಾಗ ಅವನ ಮೋಟಾರ್ ಚಂದ ಓಡೂದು ನನಗ ಬ್ಯಾಡ." ಬದುವಿನ ಪಕ್ಕದವನ ಮೇಲೆ ಆತನಿಗೆ ಹಳೆಯ ಸಿಟ್ಟು. ಕಾಕಾ ಅವನೊಡನೆ ವಾದಿಸಲಿಲ್ಲ. ಅವನ ಬಾವಿಗೂ ತಾವೇ ಒಂದು ಕೆಪ್ಯಾಸಿಟರು ತಂದು ಹಾಕಿಸಿದರು. ಅವನ ಬಾವಿ ಇದ್ದದ್ದು ಅದೇ ತಂತಿಯ ಮೇಲೆ, ತಮ್ಮ ಬಾವಿಗಿಂತ ಎರಡು ಕಂಬ ಈಚೆ.

ಆಲಮಟ್ಟಿಯ ಹಿನ್ನೀರಿನಿಂದ ನೀರೆತ್ತುವ ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳ ಮೂಲಕ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಕೆಲಸ ನಡೆದ ಮೇಲೆ ವೈಂಡಿಂಗ್ ಅಂಗಡಿಗಳಿಗೆ ಹೊಸ ಬಗೆಯ ಗಿರಾಕಿಯೂ ಬರುತ್ತಿದ್ದಾನೆ. ತುಂಬಿದ ಕೆರೆಯ ಕೆಳಗೆ ಬೋರಿನ ನೀರು ಮೇಲೆ ಬಂದರೆ ಮೋಟಾರಿಗೆ ಸುಖವೆಂದೇ ಎಲ್ಲರ ಎಣಿಕೆ. ಆದರೆ ತೀರ ಆಳದಿಂದ ಎತ್ತಲೆಂದು ಕೂರಿಸಿದ ಸಬ್‌ಮರ್ಸಿಬಲ್ಲು ಅರ್ಧ ಎತ್ತರಕ್ಕೇ ನೀರು ಸಿಕ್ಕರೆ ತನ್ನ ಅಳತೆ ಮೀರಿ ನೀರು ತಳ್ಳತೊಡಗುತ್ತದೆ, ಅಳತೆ ಮೀರಿ ಕರೆಂಟನ್ನೂ ಎಳೆಯುತ್ತದೆ. "ನೀರ ಭರಪೂರ ಅದಾವ್ರಿ, ಆದ್ರೂ ಯಾಕ ಸುಟ್ಟಿತು?" ಎಂದು ಕೇಳುವವರಿಗೆ ಮಾಸ್ತರ ಗೇಟ್‌ವಾಲ್ವನ್ನು ತುಸು ತಿರುವಿ ಬಿಗಿ ಮಾಡಲು ಹೇಳುತ್ತಾನೆ, ಇಲ್ಲವೇ ಪಂಪು ಬಿಚ್ಚಿ ಎರಡು ಸ್ಟೇಜು ಕಡಿಮೆ ಮಾಡಿಕೊಡುತ್ತಾನೆ. ತೆಗೆದ ಸ್ಟೇಜುಗಳನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಗೋಣಿತಟ್ಟಿನಲ್ಲಿ ಸುತ್ತಿ ಮನೆಯ ಅಟ್ಟದ ಮೇಲೆ ಇಡುತ್ತಾರೆ, ಬರುವ ವರ್ಷದ ಮಳೆ ನೋಡಿಕೊಂಡು ಮತ್ತೆ ಹಾಕಿಸಲು.